ನಿಂತ ಗಾಡಿಗೆ ವೇಗ ಸಾಲದಂತೆ!

ಅಮೆರಿಕದಲ್ಲಿ ಡೀಸೆಲ್ ಪಿಕಪ್ ಸಾಕಿಕೊಂಡವರ ದೊಡ್ಡ ಕೊರಗು ಒಂದಿದೆ: ತಮ್ಮ ಗಾಡಿ ತೀರಾ ನಿಧಾನವಾಗಿ ನಿಲ್ಲುತ್ತದೆ ಎಂದು. ಬ್ರೇಕಿನ ಮಾತಲ್ಲ ಇದು. ಮನೆ ಮುಂದೆ ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ ಬರೀ 700 ಸುತ್ತು ತಿರುಗುತ್ತಿರುತ್ತದೆ. ಅದನ್ನು 1,100ಕ್ಕೋ 1,200ಕ್ಕೋ ಏರಿಸುವುದು ಹೇಗೆ ಎಂಬ ಚಿಂತೆಯಲ್ಲಿ ಅವರಿಗೆ ನಿದ್ದೆ ಹತ್ತುವುದಿಲ್ಲ. ಇದಕ್ಕೆಂದೇ ಅಲ್ಲಿ ಕಿಟ್‌ಗಳು ಮಾರಾಟಕ್ಕಿವೆ, ಸ್ವಿಚ್‌ಗಳಿವೆ, ಪುಟ್ಟ ಪುಟ್ಟ ಕಂಪ್ಯೂಟರ್ ಡಬ್ಬಿಗಳಿವೆ. ಅವರು ಇದನ್ನು ‘ಹೈ ಐಡಲ್’ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಇದೇ ಕೆಲಸಕ್ಕೆ ‘ಐಡ್ಲಿಂಗ್ ಸ್ವಲ್ಪ ಜಾಸ್ತಿ ಮಾಡಪ್ಪ’ ಅಂದರೆ ಹುಡುಗ ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದ. ಅಮೆರಿಕ ಮುಂದುವರಿದ ದೇಶ, ಅಲ್ಲಿ ಅಷ್ಟು ಅಗ್ಗದಲ್ಲಿ ಯಾವುದೂ ಮುಗಿಯಬಾರದು.

ಈ ಜನರನ್ನು ಹುಚ್ಚರೆಂದು ತಳ್ಳಿಹಾಕುವಂತಿಲ್ಲ. ಅವರ ಕೊರಗಿನ ಹಿಂದೆ ವಿಜ್ಞಾನವಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಅದುಮಿ, ಆ ಅದುಮಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವಂತೆ ಮಾಡುವುದು ಅದರ ಜಾಯಮಾನ. ಸುಮ್ಮನೆ ನಿಂತಾಗ ಅದು ಹೊಟ್ಟೆ ತುಂಬ ಗಾಳಿ ಎಳೆದುಕೊಳ್ಳುತ್ತದೆ, ಡೀಸೆಲ್ ಮಾತ್ರ ನಾಲ್ಕು ಹನಿ ಸಿಗುತ್ತದೆ. ಹುಟ್ಟುವ ಬಿಸಿಯೇ ಕಡಿಮೆ. ಹುಟ್ಟಿದ್ದೂ ಅಷ್ಟೊಂದು ಗಾಳಿಯಲ್ಲಿ ಆರಿಹೋಗುತ್ತದೆ. ಉತ್ತರ ಡಕೋಟಾದ ಜನವರಿಯಲ್ಲಿ, ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯಲ್ಲಿ, ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟ ಡೀಸೆಲ್ ಎಂಜಿನ್ ಬಿಸಿಯೇ ಏರದೆ ಮರಗಟ್ಟಿದಂತೆ ಉರುಳುತ್ತಿರುತ್ತದೆ. ಅರೆಬೆಂದ ಡೀಸೆಲ್ ಸಿಲಿಂಡರಿನ ಗೋಡೆಗೆ ಅಂಟಿದ ಆಯಿಲನ್ನು ತೊಳೆದು ಕೆಳಕ್ಕಿಳಿಸುತ್ತದೆ, ವಾಲ್ವುಗಳಿಗೆ ಮಸಿ ಮೆತ್ತುತ್ತದೆ, ಸೈಲೆನ್ಸರಿನ ಕೊಳವೆಯಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಹಿರಿಯರು ಹೇಳಿದ್ದು ಸೋಮಾರಿ ಮಕ್ಕಳಿಗೆ. ಡೀಸೆಲ್ ಎಂಜಿನ್ ಕೂತು ಉಂಡರೆ ಹೊನ್ನಿನ ಜೊತೆ ಹೊಟ್ಟೆಯೂ ಹಾಳು.

ಇಷ್ಟು ತಿಳಿದವರಿಗೆ ಎರಡು ದಾರಿಗಳಿವೆ. ಗಾಡಿಯನ್ನು ಆಫ್ ಮಾಡುವುದು ಒಂದು. ಇದಕ್ಕೆ ಖರ್ಚಿಲ್ಲ, ಆದ್ದರಿಂದ ಮರ್ಯಾದೆಯೂ ಇಲ್ಲ. ಎರಡನೆಯದು, ನಿಂತಿರುವುದರಿಂದ ಕೆಡುಕಾಗುತ್ತಿದೆ ಎಂದಾದರೆ ಇನ್ನಷ್ಟು ಜೋರಾಗಿ ನಿಲ್ಲುವುದು. ಎಂಜಿನ್ ವೇಗ ಏರಿಸಿದರೆ ಸುಡುವ ಡೀಸೆಲ್ ಹೆಚ್ಚುತ್ತದೆ, ಬಿಸಿ ಹೆಚ್ಚುತ್ತದೆ, ಆಯಿಲಿನ ಒತ್ತಡ ಹೆಚ್ಚುತ್ತದೆ, ಬ್ಯಾಟರಿಗೆ ಚಾರ್ಜೂ ಚೆನ್ನಾಗಿ ಹೋಗುತ್ತದೆ. ಎಲ್ಲವೂ ಹೆಚ್ಚುತ್ತದೆ, ಗಾಡಿ ಕ್ರಮಿಸಿದ ದೂರವೊಂದನ್ನು ಬಿಟ್ಟು.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ಪರೀಕ್ಷೆಗೊಡ್ಡಿದಾಗ, ಇಂಧನದ ಶಕ್ತಿಯಲ್ಲಿ ಸುಮಾರು ಶೇ. 26ರಷ್ಟು ದುಡಿಮೆಯಾಗಿ ಹೊರಬಂದಿತ್ತು. ಆ ಕಾಲದ ಉಗಿಯಂತ್ರಗಳು ಅದರ ಅರ್ಧಕ್ಕೇ ಏದುಸಿರು ಬಿಡುತ್ತಿದ್ದವು. ಒಂದು ಹನಿ ಇಂಧನವೂ ದಂಡವಾಗಬಾರದೆಂದು ಆಯುಷ್ಯ ತೇದ ಮನುಷ್ಯ ಅವನು. ಅವನ ಲೆಕ್ಕವನ್ನೇ ನಿಂತ ಪಿಕಪ್ಪಿಗೆ ಹಾಕಿದರೆ ಬರುವ ಉತ್ತರ ಸೊನ್ನೆ. 700 ಸುತ್ತಿನಲ್ಲೂ ಸೊನ್ನೆ, 1,200 ಸುತ್ತಿನಲ್ಲೂ ಸೊನ್ನೆ. ಆದರೆ 1,200ರ ಸೊನ್ನೆ ಚೆನ್ನಾಗಿ ಬಿಸಿಯಾಗಿರುತ್ತದೆ. ಇದನ್ನು ನಮ್ಮ ಅಧಿವೇಶನಗಳಿಗೆ ಹೋಲಿಸುವ ಆಸೆ ಬರುತ್ತದೆ, ತಡೆದುಕೊಂಡಿದ್ದೇನೆ. ಯಂತ್ರಕ್ಕೆ ಅವಮಾನ ಮಾಡಬಾರದು.

ನಿಂತಲ್ಲೇ ವೇಗ ಏರಿಸುವ ವಿದ್ಯೆಗೆ ದೊಡ್ಡ ಚರಿತ್ರೆಯೇ ಇದೆ. ಆದಿಯಲ್ಲಿ ಕೋಲಿತ್ತು. ಸೀಟಿಗೂ ಆಕ್ಸಿಲರೇಟರಿಗೂ ನಡುವೆ ಅದನ್ನು ಸಿಕ್ಕಿಸಿದರೆ ಡ್ರೈವರ್ ಇಲ್ಲದೆಯೂ ಗಾಡಿ ಗುಡುಗುತ್ತಿತ್ತು. ನಮ್ಮ ಟ್ರ್ಯಾಕ್ಟರುಗಳಲ್ಲಿ ಇವತ್ತಿಗೂ ಇರುವ ಕೈ ಆಕ್ಸಿಲರೇಟರ್ ಅದೇ ಕುಲದ್ದು, ಸ್ವಲ್ಪ ಸಭ್ಯ. ಆಮೇಲೆ 1990ರ ದಶಕದಲ್ಲಿ ಫೋರ್ಡ್‌ನ 7.3 ಲೀಟರ್ ‘ಪವರ್ ಸ್ಟ್ರೋಕ್’ ಬಂತು. ಅದರಲ್ಲಿ ಆಕ್ಸಿಲರೇಟರಿನಿಂದ ಎಂಜಿನ್ನಿಗೆ ಕೇಬಲ್ಲೇ ಇಲ್ಲ, ಬರೀ ವೈರು. ಕೋಲು ಹೋಗಿ ಕಂಪ್ಯೂಟರ್ ಡಬ್ಬಿ ಬಂತು. ಅದರ ನಂತರದ 6.0 ಲೀಟರ್ ಎಂಜಿನ್ನಿನಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ ಗತಿಯಿಲ್ಲದೆ ನೇತಾಡುವ ವೈರುಗಳಿಗೆ ಒಂದು ಪುಡಿ ರೆಸಿಸ್ಟರ್ ಬೆಸೆದು ಸ್ವಿಚ್ ಕೂರಿಸಿದರೆ ಸಾಕು, ನಿಂತ ಗಾಡಿ ರೇಸ್ ಆಗುತ್ತದೆ ಎಂದು ಭಕ್ತರು ಕಂಡುಕೊಂಡರು. ಈ 6.0 ಎಂಜಿನ್ ಹೆಡ್ ಗ್ಯಾಸ್ಕೆಟ್ ಹೋಗುವುದರಲ್ಲಿ ಎಷ್ಟು ಹೆಸರುವಾಸಿಯೆಂದರೆ, ಅದರ ವಾರಂಟಿ ಖರ್ಚಿನ ಜಗಳದಲ್ಲಿ ಫೋರ್ಡ್ ಕಂಪನಿ ಎಂಜಿನ್ ಮಾಡಿಕೊಟ್ಟ ನೇವಿಸ್ಟಾರ್ ಮೇಲೆ 2007ರಲ್ಲಿ ಕೋರ್ಟಿಗೇ ಹೋಯಿತು. ಮಾಲೀಕರು ಧೃತಿಗೆಡಲಿಲ್ಲ. ಹೆಡ್ ಹಾರಿದರೂ ಸರಿ, ಐಡ್ಲಿಂಗ್ ಮಾತ್ರ ಸರಿಯಾಗಿರಬೇಕು.

ಕಮಿನ್ಸ್ ಎಂಜಿನ್ ಹೊತ್ತ ರ‍್ಯಾಮ್ ಗಾಡಿಗಳಲ್ಲಿ ಇದು ಇನ್ನೂ ನಾಜೂಕು. ಹೆದ್ದಾರಿಯಲ್ಲಿ ಒಂದೇ ವೇಗ ಕಾಯ್ದುಕೊಳ್ಳಲೆಂದು ಸ್ಟೀರಿಂಗ್ ಮೇಲೆ ಕ್ರೂಸ್ ಕಂಟ್ರೋಲ್ ಗುಂಡಿಗಳಿರುತ್ತವಲ್ಲ, ಗಾಡಿ ನಿಂತಾಗ ಅದೇ ಗುಂಡಿಗಳಿಂದ ಐಡ್ಲಿಂಗ್ ಏರಿಸಬಹುದು. ಫೋರ್ಡ್ ಕೂಡ ಈಗ ಅಧಿಕೃತವಾಗಿಯೇ ಒಂದು ವ್ಯವಸ್ಥೆ ಕೊಡುತ್ತದೆ, ಅದರ ಹೆಸರು ‘ಸ್ಟೇಷನರಿ ಎಲಿವೇಟೆಡ್ ಐಡಲ್ ಕಂಟ್ರೋಲ್’. ಹೆಸರು ಕೇಳಿದರೆ ಯಾವುದೋ ನಿಗಮದ ಅಧ್ಯಕ್ಷಗಿರಿಯ ಹಾಗಿದೆ. ಅದಕ್ಕೆ ಷರತ್ತುಗಳೂ ಹಾಗೇ: ಗಾಡಿ ಪಾರ್ಕಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಕಾಲು ಬ್ರೇಕಿನ ಮೇಲಿರಬಾರದು. ಅಂದರೆ ಎಲ್ಲಿಗೂ ಹೋಗುವುದಿಲ್ಲ ಎಂದು ನಾನಾ ವಿಧದಲ್ಲಿ ಪ್ರಮಾಣ ಮಾಡಿದವನಿಗೆ ಮಾತ್ರ ವೇಗ ಸಿಗುತ್ತದೆ.

ನಿಜವಾದ ಅಗತ್ಯ ಇರುವವರೂ ಇದ್ದಾರೆ, ಅವರ ತಂಟೆ ನನಗೆ ಬೇಡ. ಆಂಬುಲೆನ್ಸ್ ನಿಂತಲ್ಲೇ ದೀಪ, ಯಂತ್ರ, ಹೀಟರು ಎಲ್ಲ ನಡೆಯಬೇಕು. ಕರೆಂಟ್ ಕಂಬದ ಮೇಲಿನ ಕೆಲಸಗಾರನನ್ನು ಎತ್ತಿ ಹಿಡಿದ ಗಾಡಿಯ ಪಂಪು ತಿರುಗುತ್ತಲೇ ಇರಬೇಕು. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕಾರುಗಳ ಮೂತಿಯಿಂದ ಒಂದು ಪ್ಲಗ್ ವೈರು ನೇತಾಡುತ್ತಿರುತ್ತದೆ. ಕಚೇರಿ, ಅಂಗಡಿಗಳ ಪಾರ್ಕಿಂಗಿನಲ್ಲಿ ಸಾಲಾಗಿ ಸಾಕೆಟ್ಟುಗಳು. ಅದಕ್ಕೆ ಚುಚ್ಚಿದರೆ ಎಂಜಿನ್ನಿನೊಳಗಿನ ಹೀಟರ್ ಅದನ್ನು ಬೆಚ್ಚಗಿಡುತ್ತದೆ. ಗಾಡಿ ಆಫ್, ಎಂಜಿನ್ ಬೆಚ್ಚಗೆ. ಇಷ್ಟು ಸರಳವಾದ ಉಪಾಯ ಚಳಿಯ ತವರಿನಲ್ಲೇ ಇದ್ದರೂ, ಐಡ್ಲಿಂಗ್ ಏರಿಸುವ ಉತ್ಸಾಹ ಉಕ್ಕಿ ಹರಿಯುವುದು ಚಳಿಯೇ ಇಲ್ಲದ ಕಡೆ.

ಉದಾಹರಣೆಗೆ ಟೆಕ್ಸಸ್‌. ಡಲ್ಲಾಸಿನ ಹೊರವಲಯದಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಅಣ್ಣನ ಮಗ ಒಂದು ಡೀಸೆಲ್ ಪಿಕಪ್ ಕೊಂಡಿದ್ದಾನೆ. ಅವನ ಮನೆಯ ಗ್ಯಾರೇಜಿನೊಳಗೆ ಅದು ಹಿಡಿಸುವುದಿಲ್ಲ. ಇಂಡಿಯನ್ ಸ್ಟೋರಿನಿಂದ ಸೋನಾ ಮಸೂರಿ ಚೀಲ ತರುವುದು ಅದರ ವಾರದ ದುಡಿಮೆ. ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಡಚುವ ಕುರ್ಚಿಗಳನ್ನು ಸಾಗಿಸುವುದು ವಾರ್ಷಿಕ ದುಡಿಮೆ. ಆ ದಿನ ಅವನ ಮುಖದಲ್ಲಿ ಕಾಣುವ ತೃಪ್ತಿಯನ್ನು ಅಂಬಾರಿ ಹೊತ್ತ ಆನೆಯ ಮಾವುತನಲ್ಲೂ ಕಾಣೆ. ಒಂದು ಸಂಜೆ ಮನೆಗೆ ಬಂದಮೇಲೂ ಗಾಡಿ ಗುಡುಗುಡು ಅನ್ನುತ್ತಲೇ ಇತ್ತು.

‘ಆಫ್ ಮಾಡೋ, ಯಾರನ್ನ ಕಾಯ್ತಿದೀಯ?’ ಅಂದೆ.

‘ಚಿಕ್ಕಪ್ಪ, ಡೀಸೆಲ್ ಗಾಡೀನ ಹಂಗೆಲ್ಲ ಪಟ್ ಅಂತ ಆಫ್ ಮಾಡಬಾರದು. ಟರ್ಬೊ ತಣ್ಣಗಾಗಬೇಕು.’

‘ಮತ್ತೆ ಬೆಳಿಗ್ಗೆ ಯಾಕೆ ಹಂಗೇ ಬಿಟ್ಟಿದ್ದೆ?’

‘ಬೆಳಿಗ್ಗೆ ಎಂಜಿನ್ ಬಿಸಿ ಆಗಬೇಕಲ್ಲ.’

‘ಮಧ್ಯಾಹ್ನ ಅಂಗಡಿ ಮುಂದೆ?’

‘ಅದು ಎಸಿಗೆ, ಚಿಕ್ಕಪ್ಪ. ಇಲ್ಲಿ ಸೆಕೆ ನೋಡಿದೀರಲ್ಲ. ಬರೀ ಐಡ್ಲಿಂಗ್‌ನಲ್ಲಿ ಎಸಿ ಸರಿಯಾಗಿ ಹಿಡಿಯಲ್ಲ, ಅದಕ್ಕೇ ಸ್ವಿಚ್ ಹಾಕಿಸಿದೀನಿ.’

ಬೆಳಿಗ್ಗೆ ಬಿಸಿಯಾಗಲು, ಸಂಜೆ ತಣ್ಣಗಾಗಲು, ನಡುವೆ ಒಳಗಿದ್ದವರು ತಂಪಾಗಿರಲು. ಈ ಕರ್ತವ್ಯಗಳ ನಡುವೆ ಸಿಗುವ ಬಿಡುವಿನಲ್ಲಿ ಅದು ರಸ್ತೆಯ ಮೇಲೂ ಓಡುತ್ತದೆ.

ಪಿಕಪ್ ಎಂದರೆ ನಮಗೆ ನೆನಪಾಗುವುದು ಕೋಲಾರದ ಎಪಿಎಂಸಿಗೆ ಟೊಮೆಟೊ ಕ್ರೇಟು ಹೇರಿಕೊಂಡು ಬರುವ ಬೊಲೆರೊ. ಅದಕ್ಕಿರುವುದು 75ರ ಆಸುಪಾಸಿನ ಅಶ್ವಶಕ್ತಿ. ಫೋರ್ಡಿನ ಎಫ್-250ಕ್ಕೆ ಬೇಕೆಂದರೆ 500 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಸಿಗುತ್ತದೆ. ಬೊಲೆರೊದಲ್ಲಿ ಕ್ರೇಟುಗಳ ಮೇಲೆ ಕ್ರೇಟು, ಅದರ ಮೇಲೆ ಹಗ್ಗ, ಹಗ್ಗದ ಮೇಲೆ ಒಬ್ಬ ಹುಡುಗ. ಅಮೆರಿಕದ ಗಾಡಿಯಲ್ಲಿ ಇಪ್ಪತ್ತು ಪೌಂಡಿನ ಅಕ್ಕಿ ಚೀಲ. ನಮ್ಮ ಡ್ರೈವರ್ ರೈಲ್ವೆ ಗೇಟ್ ಬಿದ್ದ ಕೂಡಲೇ ಆಫ್ ಮಾಡಿ ಬೀಡಿ ಹಚ್ಚುತ್ತಾನೆ. ಎರಡು ಹೊಗೆಗಳಲ್ಲಿ ಒಂದು ಸಾಕು ಎಂಬ ವಿವೇಕ ಅವನಿಗಿದೆ. ನಾವೇನೂ ಸಾಚಾ ಜನ ಅನ್ನುತ್ತಿಲ್ಲ. ಘಾಟಿ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಎಂಜಿನನ್ನೇ ಆಫ್ ಮಾಡುವ ಮಹಾನುಭಾವರು ನಮ್ಮಲ್ಲಿದ್ದಾರೆ. ಬ್ರೇಕು ಹಿಡಿಯದೆ ಹೋದ ದಿನ, ಅವರು ಜನ್ಮವಿಡೀ ಉಳಿಸಿದ ಡೀಸೆಲ್ ಆಸ್ಪತ್ರೆಯ ಮೊದಲ ಬಿಲ್ಲಿಗೂ ಆಗುವುದಿಲ್ಲ. ಹಾಗೇ, ಮೀಟಿಂಗ್ ಮುಗಿಯುವವರೆಗೂ ಎಸಿ ಹಾಕಿಕೊಂಡು ನೆರಳಲ್ಲಿ ಗುಂಯ್‌ಗುಡುವ ಸರ್ಕಾರಿ ಕಾರು ನಮ್ಮ ನಾಡಿನ ಐಡ್ಲಿಂಗ್ ಪರಂಪರೆಯ ಕೊಡುಗೆ. ಸಾಹೇಬರು ಬರುವ ಹೊತ್ತಿಗೆ ಸೀಟು ತಣ್ಣಗಿರಬೇಕು. ಆದರೆ ಅದರ ವೇಗ ಏರಿಸಲು ಕಿಟ್ ಹಾಕಿಸಿದವರ ಸುದ್ದಿ ಕೇಳಿಲ್ಲ; ಟೆಂಡರ್ ಕರೆಯಬೇಕಾಗುತ್ತದೆ.

ಅಮೆರಿಕದ ಪಿಕಪ್ಪುಗಳು ಇಷ್ಟು ಕೊಬ್ಬಿದ್ದಕ್ಕೆ ಕೋಳಿಯೂ ಒಂದು ಕಾರಣ. 1960ರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೆರಿಕದಿಂದ ಬರುವ ಅಗ್ಗದ ಕೋಳಿಗೆ ಸುಂಕ ಹಾಕಿದವು. ಸಿಟ್ಟಿಗೆದ್ದ ಅಮೆರಿಕ, ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, ಬ್ರಾಂದಿ, ಆಲೂಗಡ್ಡೆ ಪಿಷ್ಟ ಮುಂತಾದವುಗಳ ಜೊತೆಗೆ ಆಮದು ಲಘು ಟ್ರಕ್ಕುಗಳ ಮೇಲೂ ಶೇ. 25 ಸುಂಕ ಹೇರಿತು. 1964ರಲ್ಲಿ ಜಾರಿಗೆ ಬಂದದ್ದು. ಬ್ರಾಂದಿ, ಪಿಷ್ಟಗಳ ಸುಂಕ ಕಾಲಕ್ರಮದಲ್ಲಿ ಹೋಯಿತು. ಆ ಕೋಳಿಗಳೂ ಅವುಗಳ ಮರಿಮಕ್ಕಳೂ ಸಾರಾಗಿ ಹೋದವು. ಟ್ರಕ್ಕಿನ ಸುಂಕ ಮಾತ್ರ ಅಜರಾಮರವಾಗಿ ಕೂತಿತು. ಹೊರಗಿನ ಸಣ್ಣ, ಅಗ್ಗದ ಪಿಕಪ್ಪುಗಳಿಗೆ ಬಾಗಿಲು ಹಾಕಿ, ಒಳಗಿನವರು ಮನಸ್ಸಿಗೆ ಬಂದಷ್ಟು ಎತ್ತರಕ್ಕೆ, ಅಗಲಕ್ಕೆ ಬೆಳೆದರು. ನಮ್ಮ ಮಹೀಂದ್ರಾ ಒಮ್ಮೆ ಡೀಸೆಲ್ ಪಿಕಪ್ ತೆಗೆದುಕೊಂಡು ಆ ದೇಶಕ್ಕೆ ಹೋಗುತ್ತೇನೆಂದು ಡಂಗುರ ಸಾರಿ, ಕಡೆಗೆ ಒಂದನ್ನೂ ಮಾರದೆ ಸುಮ್ಮನಾಯಿತು. ಹೋಗಿದ್ದರೆ ಟೆಕ್ಸಸ್ಸಿನ ಜನ ಅದನ್ನು ತಮ್ಮ ಪಿಕಪ್ಪಿನ ಹಿಂಭಾಗದಲ್ಲಿ ಹೇರಿಕೊಂಡು ಓಡಾಡುತ್ತಿದ್ದರೋ ಏನೋ.

ತೆರಿಗೆ ಇಲಾಖೆಯೂ ತನ್ನ ಅಳಿಲು ಸೇವೆ ಸಲ್ಲಿಸಿದೆ. ವ್ಯಾಪಾರಕ್ಕೆಂದು ಕೊಂಡ, ಒಟ್ಟು ತೂಕದ ಮಿತಿ 6,000 ಪೌಂಡ್ ಮೀರಿದ ಗಾಡಿಗೆ ಅಲ್ಲಿ ಧಾರಾಳ ರಿಯಾಯಿತಿ. ದೊಡ್ಡ ಎಸ್‌ಯುವಿಗಳಿಗೆ ಆ ರಿಯಾಯಿತಿಗೊಂದು ಮಿತಿ ಇದೆ, ಆರು ಅಡಿ ಉದ್ದದ ತೊಟ್ಟಿಯಿರುವ ಪಿಕಪ್ಪಿಗೆ ಆ ಮಿತಿಯೂ ಇಲ್ಲ. ತೊಟ್ಟಿ ಆರಡಿ ಇರಬೇಕು. ಅದರಲ್ಲಿ ಏನಾದರೂ ಇರಬೇಕೆಂಬ ನಿಯಮವಿಲ್ಲ.

ಇನ್ನು ಕಾನೂನು. ಅಮೆರಿಕದ ಇಂಧನ ಇಲಾಖೆ ಹೇಳುವ ಪ್ರಕಾರ, ಆ ದೇಶದ ವಾಹನಗಳು ನಿಂತಲ್ಲೇ ಸುಡುವ ಇಂಧನ ವರ್ಷಕ್ಕೆ ಸುಮಾರು 600 ಕೋಟಿ ಗ್ಯಾಲನ್; ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ಸ್ವಂತ ಗಾಡಿಗಳದ್ದು. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದೇ ಲಾಭ ಎಂದು ಕಾರುಗಳ ವಿಷಯದಲ್ಲಿ ಅದೇ ಇಲಾಖೆ ಬೋಧಿಸುತ್ತದೆ. ಈ ಬೋಧನೆಯನ್ನು ಜನ ಗುಂಡಿ ಒತ್ತಿ, ಎಸಿ ಹಾಕಿಕೊಂಡು, ಗಾಡಿಯಲ್ಲೇ ಕೂತು ಫೋನಿನಲ್ಲಿ ಓದುತ್ತಾರೆ.

ನ್ಯೂಯಾರ್ಕ್ ನಗರ ಬೋಧನೆಯನ್ನು ನಂಬುವುದಿಲ್ಲ, ಕಮಿಷನ್ನನ್ನು ನಂಬುತ್ತದೆ. ಅಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು, ಶಾಲೆಯ ಪಕ್ಕದಲ್ಲಾದರೆ ಒಂದು ನಿಮಿಷಕ್ಕಿಂತ ಹೆಚ್ಚು, ಸುಮ್ಮನೆ ಎಂಜಿನ್ ಓಡಿಸುವುದು ಅಪರಾಧ. ಟ್ರಕ್ಕು, ಬಸ್ಸುಗಳು ಹಾಗೆ ನಿಂತಿದ್ದನ್ನು ಯಾವ ನಾಗರಿಕನೂ ವಿಡಿಯೊ ಮಾಡಿ ದೂರು ಕೊಡಬಹುದು; ದಂಡ ವಸೂಲಾದರೆ ಅದರಲ್ಲಿ ಶೇ. 25 ದೂರು ಕೊಟ್ಟವನಿಗೆ. 350 ಡಾಲರ್ ದಂಡವಾದರೆ 87 ಡಾಲರ್ 50 ಸೆಂಟ್ ಕೈಗೆ. ಇದನ್ನೇ ಕಸುಬು ಮಾಡಿಕೊಂಡು ಚೆನ್ನಾಗಿ ಸಂಪಾದಿಸಿದವರಿದ್ದಾರೆ. ಮಧುಗಿರಿಯಲ್ಲೋ ಮಂಡ್ಯದಲ್ಲೋ ಇಂಥ ಕಾನೂನು ಬಂದರೆ ಏನಾಗುತ್ತದೆ ಎಂದು ಊಹಿಸಿ ನೋಡಿದೆ: ಬೆಳಗಾಗುವುದರೊಳಗೆ ಡ್ರೈವರೂ ದೂರುದಾರನೂ ಒಂದೇ ಮನೆಯವರಾಗಿರುತ್ತಾರೆ.

ಕೊಲರಾಡೊದ ಕಾಳಜಿ ಬೇರೆ. ಬೆಳಿಗ್ಗೆ ಬಿಸಿಯಾಗಲೆಂದು ಬೀಗದ ಕೈ ಒಳಗೇ ಬಿಟ್ಟು, ಗಾಡಿಯನ್ನು ಗುಡುಗಲು ಬಿಟ್ಟು, ಮಾಲೀಕ ಮನೆಯೊಳಗೆ ಕಾಫಿ ಕುಡಿಯುತ್ತ ಕೂರುವುದು ಅಲ್ಲಿ ಕಾನೂನಿಗೆ ವಿರುದ್ಧ. ಹೊಗೆಯ ಕಾರಣಕ್ಕೆಂದುಕೊಂಡಿರಾ? ಕಳ್ಳರ ಕಾರಣಕ್ಕೆ. ಚಳಿಗಾಲದ ಮುಂಜಾನೆಗಳಲ್ಲಿ ಹೀಗೆ ಬೆಚ್ಚಗೆ ಸಿದ್ಧವಾಗಿ ನಿಂತ ವಾಹನಗಳನ್ನು ಕಳ್ಳರು ಒಂದರ ಹಿಂದೊಂದು ಒಯ್ಯುತ್ತಾರೆ. ಐಡ್ಲಿಂಗ್ ಏರಿಸಿದ್ದರೆ ಅವರಿಗೆ ಸೀಟೂ ಬೆಚ್ಚಗೆ.

ಇಷ್ಟೆಲ್ಲ ಆರೈಕೆ ಎಂಜಿನ್ನಿನ ಆರೋಗ್ಯಕ್ಕಾಗಿ. ಹೊರಗೆ ಉಸಿರಾಡುವವರ ಆರೋಗ್ಯದ ಲೆಕ್ಕ ಬೇರೆ ಖಾತೆಯಲ್ಲಿದೆ. 2007ರ ಮಾದರಿಗಳಿಂದ ಅಮೆರಿಕದ ಡೀಸೆಲ್ ಪಿಕಪ್ಪುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ನಮ್ಮ ಬಿಎಸ್-6 ಲಾರಿಗಳಿಗೆ ಹಾಕುವಂಥದೇ ಯೂರಿಯಾ ದ್ರಾವಣವೂ ಸೇರಿಕೊಂಡಿತು. ಫಿಲ್ಟರಿಗೆ ಐಡ್ಲಿಂಗ್ ಕಂಡರೆ ಆಗದು. ತಣ್ಣನೆಯ ಹೊಗೆಯಲ್ಲಿ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. ಮತ್ತೆ ಅದೇ ಕವಲು. ಗಾಡಿ ಆಫ್ ಮಾಡಬಹುದು, ಅಥವಾ ಫಿಲ್ಟರನ್ನೇ ಕಿತ್ತೆಸೆಯಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಹೊರಗೆಡವಿದ ಅಂದಾಜಿನಂತೆ, ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಮಾಲಿನ್ಯ ತಡೆ ಸಾಧನಗಳನ್ನು ಹೀಗೆ ಕಿತ್ತುಹಾಕಲಾಗಿತ್ತು. ಅವು ಹೆಚ್ಚುವರಿಯಾಗಿ ಉಗುಳುವ ಹೊಗೆ, ರಸ್ತೆಗೆ ಇನ್ನೂ 90 ಲಕ್ಷ ಪಿಕಪ್ಪುಗಳು ಬಂದರೆ ಆಗುವಷ್ಟು. ಕಿತ್ತ ಮೇಲೆ ಕೆಲವರು ಬೇಕೆಂದೇ ಕರಿಹೊಗೆಯ ಮೋಡ ಎಬ್ಬಿಸಿ ಸೈಕಲ್ ಸವಾರರ, ಎಲೆಕ್ಟ್ರಿಕ್ ಕಾರಿನವರ ಮುಖಕ್ಕೆ ಊದುವುದುಂಟು. ಇದನ್ನವರು ಸ್ವಾತಂತ್ರ್ಯ ಎನ್ನುತ್ತಾರೆ. ತಮ್ಮ ಎಂಜಿನ್ನಿನ ಸಿಲಿಂಡರಿಗೆ ಚೂರು ಮಸಿ ಅಂಟಿದರೆ ಕಣ್ಣೀರಿಡುವ ಜನ ಇವರೇ.

ಮಾಲೀಕರನ್ನಷ್ಟೇ ಬೈದರೆ ಅನ್ಯಾಯವಾದೀತು. ರ‍್ಯಾಮ್ ಪಿಕಪ್ಪುಗಳಿಗೆ ಎಂಜಿನ್ ಕೊಡುವ ಕಮಿನ್ಸ್ ಕಂಪನಿ, ಪರೀಕ್ಷೆಯಲ್ಲಿ ಒಂದು ಮುಖ, ರಸ್ತೆಯಲ್ಲಿ ಇನ್ನೊಂದು ಮುಖ ತೋರುವ ತಂತ್ರಾಂಶವನ್ನು ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಿತ್ತು ಎಂಬ ಆರೋಪ ಬಂತು. 2013ರಿಂದ 2019ರವರೆಗಿನ ಮಾದರಿಯ ಸುಮಾರು 6.3 ಲಕ್ಷ ಗಾಡಿಗಳ ಮಾತು. 2023ರ ಕೊನೆಯಲ್ಲಿ ಕಂಪನಿ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅಲ್ಲಿನ ವಾಯುಮಾಲಿನ್ಯ ಕಾಯ್ದೆಯಡಿ ಇಷ್ಟು ದೊಡ್ಡ ಸಿವಿಲ್ ದಂಡ ಹಿಂದೆಂದೂ ಬಿದ್ದಿರಲಿಲ್ಲ. ದಂಡ ಒಪ್ಪಿತು, ತಪ್ಪು ಒಪ್ಪಲಿಲ್ಲ. ಕಳ್ಳತನ ಮಾಡಿಲ್ಲ, ಆದರೂ ಬಂಗಾರ ವಾಪಸು ಕೊಡುತ್ತೇನೆ ಎಂದು ಪಂಚಾಯಿತಿ ಕಟ್ಟೆಯಲ್ಲಿ ಹೇಳಿದವನನ್ನು ನಮ್ಮೂರಲ್ಲಿ ಜನ ಸುಮ್ಮನೆ ಬಿಡುತ್ತಿರಲಿಲ್ಲ; ಅಲ್ಲಿ ವಕೀಲರು ಕೈಕುಲುಕಿ ಕಳಿಸಿಕೊಡುತ್ತಾರೆ.

ಕರೆಂಟ್ ಗಾಡಿ ಬಂದರೆ ಈ ತಲೆನೋವೆಲ್ಲ ತಾನಾಗಿ ಮುಗಿಯುತ್ತದೆ ಎಂದು ಎಣಿಸಿದವರಿದ್ದರು. ಅದಕ್ಕೆ ಐಡ್ಲಿಂಗೇ ಇಲ್ಲವಲ್ಲ. ನಿಂತರೆ ಮೋಟಾರು ಗಪ್‌ಚಿಪ್. 2022ರಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ವಿದ್ಯುತ್ ಪಿಕಪ್ ಬಿಟ್ಟಿತು. ಕೊಂಡವರು ಹೊಗಳಿದರು, ಕೊಳ್ಳದವರು ಬಹಳ ಮಂದಿ. 2025ರ ಡಿಸೆಂಬರಿನಲ್ಲಿ ಕಂಪನಿ ಅದನ್ನು ನಿಲ್ಲಿಸುವುದಾಗಿ ಘೋಷಿಸಿತು. ಮುಂದಿನ ಅವತಾರದಲ್ಲಿ ಬ್ಯಾಟರಿಗೆ ಚಾರ್ಜು ತುಂಬಲು ಒಳಗೊಂದು ಎಂಜಿನ್ನೂ ಇರುತ್ತದಂತೆ. ಅದೂ ಒಂದೆಡೆ ಸುಮ್ಮನೆ ಗುಂಯ್‌ಗುಡಬಹುದೆಂಬ ಭರವಸೆ ಭಕ್ತರಲ್ಲಿ ಚಿಗುರಿರಬೇಕು.

ರ‍್ಯಾಮ್‌ನ ಒಡಹುಟ್ಟು ಡಾಡ್ಜ್ ಇನ್ನೂ ಮುಂದೆ ಹೋಯಿತು. ಅದರ ವಿದ್ಯುತ್ ಕಾರು ಚಾರ್ಜರ್ ಡೇಟೋನಾದಲ್ಲಿ ಎಂಜಿನ್ ಇಲ್ಲ, ಹೊಗೆಯಿಲ್ಲ, ಸೈಲೆನ್ಸರಿಗೆ ಕೆಲಸವಿಲ್ಲ. ಆದರೂ ಹಳೆಯ ಪೆಟ್ರೋಲ್ ಎಂಜಿನ್ನಿನ ಹಾಗೆ ಗರ್ಜಿಸಲು ಒಂದು ಧ್ವನಿವ್ಯವಸ್ಥೆ ಇದೆ. 126 ಡೆಸಿಬೆಲ್‌ವರೆಗೂ ಸದ್ದು ಬರುತ್ತದೆಂದು 2022ರಲ್ಲಿ ಮೊದಲು ತೋರಿಸಿದಾಗ ಕಂಪನಿ ಎದೆ ತಟ್ಟಿ ಹೇಳಿತ್ತು. ಸಿಗ್ನಲ್ಲಿನಲ್ಲಿ ನಿಂತಾಗಲೂ ಅದು ಐಡ್ಲಿಂಗ್‌ನಲ್ಲಿ ಇದ್ದಂತೆ ಗುರುಗುಟ್ಟುತ್ತದೆ. ಆ ಗುರುಗುಟ್ಟುವಿಕೆಯನ್ನು 700 ಸುತ್ತಿನಿಂದ 1,200ಕ್ಕೆ ಏರಿಸುವ ಕಿಟ್ ಯಾವಾಗ ಬರುತ್ತದೆಂದು ನನ್ನ ಅಣ್ಣನ ಮಗ ಈಗಲೇ ವಿಚಾರಿಸತೊಡಗಿದ್ದಾನೆ.